ಸೂಜಿ ಕಂಡರೇ ಹಾಲು: ಮದ್ದೂರು ಕಡೆಯ ಒಂದು ಹಸುವಿನ ಪ್ರಕರಣ

ದೂರು

ಹಸು ಎಚ್‌ಎಫ್ (ಹಾಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ, ಎರಡನೇ ಸೂಲು, ಈದು 70 ದಿನ. ಹಾಲು ಇಳಿಸುವ ಇಂಜೆಕ್ಷನ್ ಕೊಟ್ಟರೆ ಬೆಳಿಗ್ಗೆ 6.5 ಲೀಟರ್, ಸಂಜೆ 5. ಕೊಡದೆ ಕರೆಯಲು ಕೂತರೆ ಬೆಳಿಗ್ಗೆ 1.4, ಸಂಜೆ 1.1, ಅಲ್ಲಿಗೆ ಮುಗಿಯಿತು. ಕೆಚ್ಚಲು ಬಿಗಿದೇ ಇರುತ್ತದೆ, ತೊಟ್ಟು ಎಷ್ಟು ಎಳೆದರೂ ಬರುವುದಿಲ್ಲ. ಮನೆಯ ಹೆಂಗಸು ಪಶುವೈದ್ಯರಿಗೆ ಹೇಳಿದ್ದು: “ಸೂಜಿ ಚುಚ್ದೇ ಇದ್ರೆ ತೊಟ್ಕೂ ಇಳ್ಸಾಕಿಲ್ಲ ಸಾ, ಎಲ್ಲಾನೂ ಮ್ಯಾಕೆ ಎಳ್ಕಬುಡ್ತದೆ. ಕಳ್ಳ ಹಸ ಇದು.”

ಮದ್ದೂರು ತಾಲ್ಲೂಕಿನ ನಾಲೆ ಬಯಲಿನಲ್ಲಿ ಇದು ಹೊಸ ದೂರಲ್ಲ. ಹಲವು ಕೊಟ್ಟಿಗೆಗಳಲ್ಲಿ ಬಿಡಿಬಿಡಿಯಾಗಿ ಕಾಣುವ ಸಂಗತಿಗಳನ್ನು ಇಲ್ಲಿ ಒಂದೇ ಹಸುವಿನ ಮೇಲೆ ಕೂಡಿಸಿ ಬರೆದಿದೆ; ಲೀಟರು, ದಿನಗಳ ಲೆಕ್ಕವನ್ನೂ ಹಾಗೆಯೇ ಓದಿಕೊಳ್ಳಬೇಕು. ಹಸು ಹಾಲು ಕದಿಯುತ್ತದೆ ಎನ್ನುವುದನ್ನು ಅದರ ಗುಣ ಎಂದು ಎಣಿಸಿದರೆ ಉಳಿಯುವುದು ಎರಡೇ ದಾರಿ, ಸೂಜಿ ಇಲ್ಲವೇ ಸಂತೆ. ಅದು ಕಲಿತ ನಡವಳಿಕೆ ಎಂದು ನೋಡಿದರೆ ಮೂರನೇ ದಾರಿಯೊಂದಿದೆ. ಆ ದಾರಿ ನಿಧಾನದ್ದು, ನಡುವೆ ಎಡವುವುದೂ ಉಂಟು.

ಕೆಚ್ಚಲಿನೊಳಗಿನ ಲೆಕ್ಕ

ಕೆಚ್ಚಲಲ್ಲಿ ತುಂಬಿರುವ ಹಾಲಿನಲ್ಲಿ ಸುಮಾರು ಐದನೇ ಒಂದು ಭಾಗ ಮಾತ್ರ ತೊಟ್ಟಿನ ಮೇಲಿನ ಪೊಳ್ಳಿನಲ್ಲಿ ಬಂದು ನಿಂತಿರುತ್ತದೆ. ಕೈ ಹಾಕಿದೊಡನೆ ಸಿಗುವುದು ಇದು. ಉಳಿದ ನಾಲ್ಕು ಭಾಗ ಮೇಲೆ, ಕಣ್ಣಿಗೆ ಕಾಣದಷ್ಟು ಸಣ್ಣ ಹಾಲುಚೀಲಗಳಲ್ಲಿ ಇರುತ್ತದೆ. ಆ ಚೀಲಗಳನ್ನು ಸುತ್ತುವರಿದ ಕೋಶಗಳು ಕುಗ್ಗಿ ಹಿಂಡಿದಾಗಲೇ ಅದು ಕೆಳಗೆ ಬರುವುದು. ಹಿಂಡಿಸುವುದು ಆಕ್ಸಿಟೋಸಿನ್ ಎಂಬ ಹಾರ್ಮೋನು. ತೊಟ್ಟಿಗೆ ಕರುವಿನ ಬಾಯಿಯೋ ಕೈಯೋ ತಾಗಿದ ಸುದ್ದಿ ನರದ ಮೂಲಕ ಮಿದುಳಿಗೆ ಮುಟ್ಟುತ್ತದೆ, ಪಿಟ್ಯೂಟರಿ ಗ್ರಂಥಿಯ ಹಿಂಭಾಗದಿಂದ ಆಕ್ಸಿಟೋಸಿನ್ ರಕ್ತಕ್ಕೆ ಇಳಿಯುತ್ತದೆ, ರಕ್ತ ಅದನ್ನು ಕೆಚ್ಚಲಿಗೆ ಒಯ್ಯುತ್ತದೆ. ಇಷ್ಟಕ್ಕೆ ಒಂದು ನಿಮಿಷದ ಆಸುಪಾಸು ಹಿಡಿಯುತ್ತದೆ. ಕೆಚ್ಚಲು ತುಂಬಿದ್ದರೆ ಬೇಗ, ಅರೆಬರೆ ತುಂಬಿದ್ದರೆ ಎರಡು ನಿಮಿಷವೂ ಆಗಬಹುದು. ರಕ್ತದಲ್ಲಿ ಅದು ನಿಲ್ಲುವುದು ಕೆಲವೇ ನಿಮಿಷ. ತೊರೆ ಬಿಟ್ಟ ಮೇಲೆ, ಅಂದರೆ ಮೇಲಿನ ಹಾಲು ಹೀಗೆ ಇಳಿದ ಮೇಲೆ, 5ರಿಂದ 7 ನಿಮಿಷದೊಳಗೆ ಕರೆದು ಮುಗಿಸಬೇಕು ಎನ್ನುವುದು ಇದಕ್ಕೇ.

ಇಲ್ಲಿಯವರೆಗಿನದು ಹುಟ್ಟಿನಿಂದ ಬಂದದ್ದು. ಕಲಿಕೆ ಇದರ ಮೇಲೆ ಕೂರುತ್ತದೆ. ತೊಟ್ಟು ಮುಟ್ಟುವ ಮೊದಲು ಯಾವುದೋ ಒಂದು ಸದ್ದು, ವಾಸನೆ ಅಥವಾ ನೋಟ ದಿನವೂ ತಪ್ಪದೆ ಬರುತ್ತಿದ್ದರೆ, ಬರಬರುತ್ತಾ ಆ ಸಂಕೇತಕ್ಕೇ ಆಕ್ಸಿಟೋಸಿನ್ ಹೊರಬೀಳತೊಡಗುತ್ತದೆ. ಬಕೆಟ್ಟಿನ ಸದ್ದಿಗೆ ಹಿಂದಿನ ತೊಟ್ಟುಗಳಿಂದ ಹಾಲು ತೊಟ್ಟಿಕ್ಕುವ ಹಸುವನ್ನು ಹೈನು ಮಾಡುವವರೆಲ್ಲ ಬಲ್ಲರು. ರಷ್ಯಾದ ವಿಜ್ಞಾನಿ ಇವಾನ್ ಪಾವ್ಲೋವ್ ನಾಯಿಗಳ ಜೊಲ್ಲು ಅಳೆದು ತೋರಿಸಿದ್ದು ಇದೇ ನಿಯಮವನ್ನು; ಪಠ್ಯಪುಸ್ತಕಗಳು ಇದನ್ನು ಶಾಸ್ತ್ರೀಯ ಅನುಬಂಧನ ಎನ್ನುತ್ತವೆ. (ಅವರಿಗೆ 1904ರಲ್ಲಿ ನೊಬೆಲ್ ಬಂದದ್ದು ಜೀರ್ಣಕ್ರಿಯೆಯ ಸಂಶೋಧನೆಗೆ. ಎಲ್ಲರ ಬಾಯಲ್ಲೂ ಇರುವ ಆ ಗಂಟೆಯ ಜೊತೆಗೆ ಮೆಟ್ರೊನೋಮ್, ಬಜರ್, ಬೆಳಕು, ಚರ್ಮದ ಮೇಲಿನ ಸ್ಪರ್ಶ ಎಲ್ಲವನ್ನೂ ಅವರು ಸಂಕೇತವಾಗಿ ಬಳಸಿದ್ದರು.)

ಹೆದರಿಕೆ ಇದಕ್ಕೆ ನೇರ ಎದುರಾಳಿ. 1941ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಈಲಿ ಮತ್ತು ಪೀಟರ್ಸನ್ ಕರೆಯುವ ಹೊತ್ತಿಗೆ ಹಸುವಿನ ಬೆನ್ನ ಮೇಲೆ ಬೆಕ್ಕು ಬಿಟ್ಟು, ಪಕ್ಕದಲ್ಲಿ ಕಾಗದದ ಚೀಲ ಒಡೆದು ಬೆದರಿಸಿದರು, ಹಾಲು ಇಳಿಯಲಿಲ್ಲ. ಅಡ್ರಿನಲಿನ್ (ಹೆದರಿದಾಗ ಮೈಯಲ್ಲಿ ಏರುವ ಹಾರ್ಮೋನು) ಚುಚ್ಚಿದಾಗಲೂ ಹಾಗೆಯೇ ಆಯಿತು. ಹೆದರಿದ ಹಸುವಿನಲ್ಲಿ ತಡೆ ಎರಡು ಕಡೆ ಬೀಳಬಹುದು: ಮಿದುಳು ಆಕ್ಸಿಟೋಸಿನ್ನನ್ನೇ ಬಿಡದಿರಬಹುದು, ಬಿಟ್ಟರೂ ಅಡ್ರಿನಲಿನ್ ಅದರ ಕೆಲಸವನ್ನು ಕೆಚ್ಚಲಿನಲ್ಲಿ ತಡೆಯಬಹುದು. ಹೆದರಿಕೆಗೂ ಸಂಕೇತಗಳಿವೆ, ಅದೂ ಕಲಿಕೆಯೇ. ಒಂದೇ ಕೊಟ್ಟಿಗೆಯಲ್ಲಿ, ಒಂದೇ ಹೊತ್ತಿನಲ್ಲಿ, ಹಾಲು ಇಳಿಸುವ ಸಂಕೇತವೂ ಹೆದರಿಸುವ ಸಂಕೇತವೂ ಒಟ್ಟಿಗೆ ಬಂದರೆ ಏನಾಗುತ್ತದೆ ಎನ್ನುವುದೇ ಈ ಪ್ರಕರಣ.

ಹೇಗೆ ಕೂತಿತು

ಮನೆಯವರು ಮೊದಲಿನಿಂದಲೂ ಕರುವನ್ನು ಊಡಲು ಬಿಟ್ಟು, ತೊರೆ ಬಿಟ್ಟ ಮೇಲೆ ಕರುವನ್ನು ಪಕ್ಕಕ್ಕೆ ಕಟ್ಟಿ ಕರೆಯುತ್ತಿದ್ದರು. ಹಸುವಿನ ಪಾಲಿಗೆ ಸಂಕೇತ ಅಂದರೆ ಕರು, ಅದೊಂದೇ. ಹತ್ತೊಂಬತ್ತನೇ ದಿನ ಕರು ಭೇದಿಯಿಂದ ಸತ್ತಿತು. ಮಾರನೇ ಬೆಳಿಗ್ಗೆ ಕೈ ಹಾಕಿದರೆ ಒಂದೂವರೆ ಲೀಟರಿಗೆ ನಿಂತಿತು.

ಇಂಥ ಹೊತ್ತಿಗೆ ಹಳಬರು ಕರುವಿನ ಚರ್ಮಕ್ಕೆ ಹುಲ್ಲು ತುಂಬಿ ಹಸುವಿನ ಮುಂದೆ ನಿಲ್ಲಿಸುತ್ತಿದ್ದರು. ಕೆಲವು ಮನೆಗಳಲ್ಲಿ ಅದು ತಿಂಗಳುಗಟ್ಟಲೆ ನಡೆಯುತ್ತದೆ, ಕೆಲವು ಕಡೆ ವಾರದಲ್ಲೇ ಕೈಕೊಡುತ್ತದೆ. ಕಾರಣ ಚರ್ಮದಲ್ಲಿಲ್ಲ, ಅದರ ಬೆನ್ನಿಗೆ ಏನು ಬರುತ್ತದೆ ಎನ್ನುವುದರಲ್ಲಿದೆ. ಚರ್ಮ ಕಂಡ ಮೇಲೆ ದಿನವೂ ಒಂದು ನಿಮಿಷ ತೊಟ್ಟು ನೀವಿ ಕರೆಯುವವರ ಮನೆಯಲ್ಲಿ ಸಂಕೇತಕ್ಕೆ ಸ್ಪರ್ಶದ ಬೆಂಬಲ ಸಿಗುತ್ತಲೇ ಇರುತ್ತದೆ. ಚರ್ಮ ನಿಲ್ಲಿಸಿ, ಹಾಲು ತಾನೇ ಇಳಿಯಲಿ ಎಂದು ಕಾಯುತ್ತಾ ನಿಂತರೆ ಸಂಕೇತ ಖಾಲಿ ಹೋಗುತ್ತದೆ. ಖಾಲಿ ಹೋದ ಸಂಕೇತ ನಂದುತ್ತದೆ. ಈ ಮನೆಯವರು ಕರುವನ್ನು ಹೂತುಬಿಟ್ಟಿದ್ದರಿಂದ ಆ ದಾರಿ ಇರಲಿಲ್ಲ.

ನಾಲ್ಕನೇ ದಿನ ಊರೂರು ಸುತ್ತಿ ಸೂಜಿ ಹಾಕುವ ಒಬ್ಬಾತ ಬಂದ. ಹೆಸರಿನ ಚೀಟಿಯಿಲ್ಲದ ಪ್ಲಾಸ್ಟಿಕ್ ಬಾಟಲಿ, ಮೊಂಡಾದ ದಪ್ಪ ಸೂಜಿ, ಹೊತ್ತಿಗೆ 2 ಮಿಲಿ. ಎರಡು ನಿಮಿಷದಲ್ಲಿ ಹಾಲು ಸುರಿಯಿತು. ಏಳು ವಾರ, ದಿನಕ್ಕೆ ಎರಡು ಹೊತ್ತು ಇದೇ ನಡೆಯಿತು. ಬಾಟಲಿಯಲ್ಲಿದ್ದದ್ದು ಆಕ್ಸಿಟೋಸಿನ್, ಅದು ವೈದ್ಯರ ಚೀಟಿಯಿಲ್ಲದೆ ಮಾರುವ ಔಷಧವಲ್ಲ. ಹಾಲಿನ ಆಸೆಗೆ ಪ್ರಾಣಿಯ ಆರೋಗ್ಯಕ್ಕೆ ಕುತ್ತಾಗುವ ಇಂಜೆಕ್ಷನ್ ಕೊಡುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 12ನೇ ಕಲಮಿನಡಿ ಅಪರಾಧ. ಎರಡು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ, ಹಸುವೂ ಸರ್ಕಾರದ ಪಾಲು. ಹಳ್ಳಿಯಲ್ಲಿ ಇದು ಗೊತ್ತಿದ್ದವರು ಕಡಿಮೆ, ಗೊತ್ತಿದ್ದೂ ಸುಮ್ಮನಿರುವವರು ಹೆಚ್ಚು.

ದಿನದಿನವೂ ಹೊರಗಿನಿಂದ ಆಕ್ಸಿಟೋಸಿನ್ ಬಿದ್ದರೆ ಆಗುವ ಕೇಡು ಒಂದು ಕಡೆ: ನಿಲ್ಲಿಸಿದಾಗ ಹಸುವಿನ ಸ್ವಂತ ತೊರೆ ಮೊದಲಿನಷ್ಟು ಜೋರಾಗಿ ಬರುವುದಿಲ್ಲ. ಅದಕ್ಕಿಂತ ದೊಡ್ಡ ಕೇಡು ಆ ಮನುಷ್ಯ ಕೆಲಸ ಮಾಡುತ್ತಿದ್ದ ಕ್ರಮದಲ್ಲಿತ್ತು. ಎಕ್ಸೆಲ್ ಮೊಪೆಡ್ ಬಾಗಿಲ ಮುಂದೆ ನಿಲ್ಲುತ್ತದೆ, ಹಸು ಅಲುಗಾಡದಿರಲಿ ಎಂದು ಮನೆಯವರು ಬೂಸಾ ಇಡುತ್ತಾರೆ, ಹಸು ಬಾಯಿ ಹಾಕುತ್ತದೆ, ತೊಡೆಗೆ ಸೂಜಿ ಬೀಳುತ್ತದೆ. ಮೊಪೆಡ್, ಬೂಸಾ, ನೋವು. ಮುಂದೆ ಬಂದದ್ದು ಹಿಂದೆ ಬರುವುದಕ್ಕೆ ಸಂಕೇತವಾಗುತ್ತದೆ. ಮೂರನೇ ವಾರದ ಹೊತ್ತಿಗೆ ಮೊಪೆಡ್ ಸದ್ದು ರಸ್ತೆಯ ತಿರುವಿನಲ್ಲಿ ಕೇಳಿದೊಡನೆ ಹಸು ಮೆಲುಕು ನಿಲ್ಲಿಸುತ್ತಿತ್ತು, ಬಾಲ ಮುದುರಿ ಸಗಣಿ ಹಾಕುತ್ತಿತ್ತು. ಐದನೇ ವಾರಕ್ಕೆ ಕರೆಯುವ ಹೊತ್ತಿನಲ್ಲಿ ಇಟ್ಟ ಬೂಸಾ ಮೂಸಿ ತಲೆ ತಿರುಗಿಸತೊಡಗಿತು. ಮಧ್ಯಾಹ್ನ ಹಿತ್ತಲಲ್ಲಿ ಅದೇ ಬೂಸಾ ಇಟ್ಟರೆ ಬಕೆಟ್ ನೆಕ್ಕುತ್ತಿತ್ತು. ಮನೆಯವರು ಬೂಸಾ ಚೀಲವನ್ನೇ ಬದಲಿಸಿದ್ದರು, ಮುಗ್ಗಿದ್ದೀತು ಎಂದು.

ತಪಾಸಣೆ

ಕಲಿಕೆಯ ಮಾತು ಎತ್ತುವ ಮೊದಲು ಕಾಯಿಲೆಯ ಮಾತು ಮುಗಿಯಬೇಕು. ಜ್ವರವಿಲ್ಲ, 101.5 ಡಿಗ್ರಿ ಫ್ಯಾರನ್‌ಹೀಟ್. ನಾಲ್ಕೂ ತೊಟ್ಟಿನ ಸಿಎಂಟಿ ಪರೀಕ್ಷೆಯಲ್ಲಿ ಕೆಚ್ಚಲುಬಾವಿನ ಸುಳಿವಿಲ್ಲ. ತೊಟ್ಟಿನಲ್ಲಿ ಬಿರುಕು, ಗಂಟು ಇಲ್ಲ. ಇದರಲ್ಲಿ ಒಂದು ಇದ್ದರೂ ಮುಂದಿನದೆಲ್ಲ ವ್ಯರ್ಥ, ಏಕೆಂದರೆ ಕರೆಯುವುದೇ ನೋವಾದರೆ ಯಾವ ಸಂಕೇತವನ್ನು ಕಲಿಸಿದರೂ ಅದು ನೋವಿನ ಸಂಕೇತವೇ ಆಗುತ್ತದೆ.

ಸೂಜಿಯಿಲ್ಲದಾಗ ಬಂದ 1.4 ಲೀಟರ್ ಪೂರ್ತಿ ಕರಾವಿನ ಐದನೇ ಒಂದು ಭಾಗಕ್ಕೆ ಸರಿಸುಮಾರು ಸಮ. ಅಂದರೆ ತೊಟ್ಟಿನ ಮೇಲೆ ನಿಂತಿದ್ದ ಹಾಲಷ್ಟೇ ಬಂದಿದೆ, ತೊರೆ ಬಿಟ್ಟೇ ಇಲ್ಲ. ಅರ್ಧ ಬಂದು ನಿಂತಿದ್ದರೆ ಬೇರೆ ಕಥೆ: ತೊರೆ ಬಿಟ್ಟು ನಡುವೆ ಏನೋ ಅಡ್ಡಿಯಾಗಿದೆ, ಇಲ್ಲವೇ ಕರೆಯುವವರು ನಿಧಾನ ಮಾಡಿದ್ದಾರೆ ಎಂದು ಓದಬೇಕು.

ಡೇರಿಯ ಚೀಟಿಗಳೂ ಇದನ್ನೇ ಹೇಳುತ್ತಿದ್ದವು. ಸೂಜಿಯವನು ಬಾರದ ಒಂದು ಸಂಜೆ ಫ್ಯಾಟ್ (ಹಾಲಿನ ಕೊಬ್ಬು) ಶೇಕಡಾ 2.1, ಮಾರನೇ ಬೆಳಿಗ್ಗೆ ಸೂಜಿ ಬಿದ್ದ ಮೇಲೆ 5.2. ಡೇರಿಯಲ್ಲಿ “ಏನಕ್ಕಾ, ನೀರ್ ಗೀರ್ ಬಿತ್ತಾ?” ಎಂಬ ಪ್ರಶ್ನೆಯೂ ಬಂದಿತ್ತು. ನೀರು ಬಿದ್ದಿದ್ದರೆ ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಗಟ್ಟಿ ಅಂಶ) ಕೂಡ ಇಳಿಯಬೇಕಿತ್ತು. ಅದು ಎರಡೂ ಹೊತ್ತು ಹೆಚ್ಚುಕಡಿಮೆ ಒಂದೇ ಇತ್ತು. ಕೆನೆ ಹೆಚ್ಚಿರುವುದು ಕೊನೆಯಲ್ಲಿ ಇಳಿಯುವ ಹಾಲಿನಲ್ಲಿ. ಮೊದಲ ಹಾಲನ್ನಷ್ಟೇ ಡೇರಿಗೆ ಹಾಕಿದರೆ ಫ್ಯಾಟ್ ಕುಸಿಯುತ್ತದೆ, ಒಳಗುಳಿದದ್ದು ಮುಂದಿನ ಹೊತ್ತಿಗೆ ಇಳಿದರೆ ಏರುತ್ತದೆ. ಫ್ಯಾಟ್ ಹೀಗೆ ಹೊತ್ತಿನಿಂದ ಹೊತ್ತಿಗೆ ಜಿಗಿಯುತ್ತಿದ್ದರೆ ನೀರಿನ ಅನುಮಾನಕ್ಕೆ ಮೊದಲು ತೊರೆಯ ಅನುಮಾನ ಬರಬೇಕು.

ಯೋಜನೆ

ಸೂಜಿಯನ್ನು ಒಂದೇ ದಿನಕ್ಕೆ ನಿಲ್ಲಿಸಿಬಿಡಿ ಎನ್ನುವುದು ಸಾಮಾನ್ಯವಾಗಿ ಸಿಗುವ ಸಲಹೆ. ಹೇಳುವುದು ಸುಲಭ. ನಾಲ್ಕು ಪಾಲು ಹಾಲು ಕೆಚ್ಚಲಲ್ಲೇ ಉಳಿದರೆ ಕೆಚ್ಚಲುಬಾವಿನ ಅಪಾಯ ಬೆಳೆಯುತ್ತದೆ, ಉಳಿದ ಹಾಲು ಹೊಸ ಹಾಲು ತಯಾರಾಗುವುದನ್ನೂ ತಗ್ಗಿಸುತ್ತದೆ. ಮೂರ್ನಾಲ್ಕು ದಿನದಲ್ಲಿ ಮನೆಯವರು ಹೆದರಿ ಮತ್ತೆ ಅವನಿಗೇ ಫೋನ್ ಮಾಡುತ್ತಾರೆ. ಇಲ್ಲಿ ವೈದ್ಯರು ಔಷಧವನ್ನು ಇಳಿಸುತ್ತಾ ಹೋಗುವ ಕ್ರಮ ಹಿಡಿದರು: ಹೆಸರಿನ ಚೀಟಿಯಿರುವ ಔಷಧ, ಹೊಸ ಸಣ್ಣ ಸೂಜಿ, ಒಟ್ಟು 2 ಮಿಲಿ ಬದಲಾಗದಂತೆ ಮೂರು ಮೂರು ದಿನಕ್ಕೆ ಔಷಧ ಕಾಲು ಭಾಗ ಕಡಿಮೆ, ಆ ಜಾಗಕ್ಕೆ ನಾರ್ಮಲ್ ಸಲೈನ್ (ಉಪ್ಪುನೀರು). ಹದಿಮೂರನೇ ದಿನದಿಂದ ಬರೀ ಸಲೈನ್, ಮೂರು ದಿನ. ಆಮೇಲೆ ಸೂಜಿಯೇ ಇಲ್ಲ. ವೈದ್ಯರು ತೋರಿಸಿಕೊಟ್ಟಂತೆ ಮನೆಯ ಮಗ ಹಾಕಿದ. ಮೊಪೆಡ್ಡಿನವನಿಗೆ ಬಾಗಿಲು ಬಂದ್.

ಕ್ರಮವನ್ನು ತಿರುಗಿಸಿದ್ದು ಮೊದಲ ದಿನವೇ. ಸೂಜಿ ಮೊದಲು, ಅದೇ ಉಸಿರಿನಲ್ಲಿ ಬೂಸಾ. ನೋಡಲು ಇದು ಅಂಥ ವ್ಯತ್ಯಾಸವೇ ಅಲ್ಲ, ಎರಡು ಕೆಲಸ ಅದಲುಬದಲಾಗಿವೆ ಅಷ್ಟೆ. ಹಸುವಿಗೆ ಮಾತ್ರ ಅರ್ಥವೇ ಬದಲು: ಬೂಸಾ ಇನ್ನು ನೋವಿನ ಸೂಚನೆಯಲ್ಲ, ಚುಚ್ಚುವುದೇ ಬೂಸಾ ಬರುವ ಸೂಚನೆ. ಪಾವ್ಲೋವ್ ಪ್ರಯೋಗಾಲಯದಲ್ಲೇ ನಾಯಿಯ ಚರ್ಮಕ್ಕೆ ವಿದ್ಯುತ್ತಿನ ಪೆಟ್ಟು ಕೊಟ್ಟು ಬೆನ್ನಿಗೇ ಊಟ ಕೊಡುತ್ತಾ ಹೋದಾಗ ನಾಯಿ ಪೆಟ್ಟಿಗೆ ಒದ್ದಾಡುವುದನ್ನು ಬಿಟ್ಟು ಜೊಲ್ಲು ಸುರಿಸತೊಡಗಿತ್ತು. ಐದನೇ ದಿನಕ್ಕೆ ಈ ಹಸು ಬೂಸಾಕ್ಕೆ ಮತ್ತೆ ಬಾಯಿ ಹಾಕಿತು.

ಇನ್ನು ಹೊಸ ಸಂಕೇತ. ಕ್ಯಾನಿನ ಮುಚ್ಚಳದ ಸದ್ದು ಬೇಡ ಎಂದು ತೀರ್ಮಾನವಾಯಿತು, ಏಕೆಂದರೆ ಆ ಸದ್ದು ದಿನಕ್ಕೆ ಹತ್ತು ಸಲ ಸುಮ್ಮಸುಮ್ಮನೆ ಆಗುತ್ತಿತ್ತು. ಯಾವ ಫಲವೂ ಇಲ್ಲದೆ ಬಹಳ ಸಲ ಕೇಳಿದ ಸದ್ದು ಆಮೇಲೆ ಸಂಕೇತವಾಗಿ ಕೂರುವುದು ನಿಧಾನ. 1959ರಲ್ಲಿ ಲೂಬೋ ಮತ್ತು ಮೂರ್ ಎಂಬ ಮನೋವಿಜ್ಞಾನಿಗಳು ತೋರಿಸಿದ ಸಂಗತಿ ಇದು. ಗಂಟೆಯೂ ಬೇಡ, ಹಸುವಿನ ಕೊರಳಲ್ಲೇ ಒಂದಿತ್ತು. ಖಾಲಿ ಸ್ಟೀಲ್ ಬಕೆಟ್ಟಿನ ತಳಕ್ಕೆ ಮರದ ಸೌಟಿನಿಂದ ಮೂರು ಬಡಿತ: ಆ ಮನೆಯಲ್ಲಿ ಬೇರೆ ಯಾವುದಕ್ಕೂ ಆಗದ ಸದ್ದು. ಸೌಟನ್ನು ಕೊಟ್ಟಿಗೆಯ ತೊಲೆಗೆ ಸಿಕ್ಕಿಸಿ, ಮಕ್ಕಳ ಕೈಗೆ ಎಟುಕದ ಹಾಗೆ ಇಟ್ಟರು.

ಮೂರು ಬಡಿತ. ಹತ್ತು ಎಣಿಸುವಷ್ಟು ಹೊತ್ತು ಬಿಟ್ಟು ನೆನೆಸಿದ ಬೂಸಾ ಮತ್ತು ಪಶು ಆಹಾರ ಸೇರಿ 1 ಕೆಜಿ. ಹಸು ತಿನ್ನತೊಡಗಿದ ಮೇಲೆ 40 ಡಿಗ್ರಿ ಸೆಲ್ಸಿಯಸ್ ಸುಮಾರಿನ ಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಕೆಚ್ಚಲು ಒರೆಸುವುದು, ತೊಟ್ಟಿಗೆ ಮೂರ್ನಾಲ್ಕು ಎಳೆತ ಬೇರೆ ಬಟ್ಟಲಿಗೆ, ಉಳಿದ ಹೊತ್ತು ಅಂಗೈಯಿಂದ ನೀವುವುದು. ಮೊದಲ ಸ್ಪರ್ಶದಿಂದ ಒಂದು ನಿಮಿಷ ತುಂಬಿದ ಮೇಲೆ ಕರೆಯಲು ಕೂರುವುದು, ಏಳು ನಿಮಿಷದೊಳಗೆ ಏಳುವುದು. ಕರೆದಾದ ಮೇಲೆ ತೊಟ್ಟಿಗೆ ಅಯೋಡಿನ್ ದ್ರಾವಣ. ಗೋಡೆಗೆ ಸುಣ್ಣದಲ್ಲಿ ಬರೆದದ್ದು ಮೂರೇ ಅಂಕಿ: ಧಾರೆ ಬಿಡಲು ಹಿಡಿದ ಹೊತ್ತು, ಲೀಟರು, ಡೇರಿಯ ಫ್ಯಾಟ್.

ಏನು ಕೆಟ್ಟಿತು

ಮೊದಲ ವಾರ ಹೊಸ ಸದ್ದಿಗೆ ಯಾವ ಫಲವೂ ಕಾಣಲಿಲ್ಲ. ವೈದ್ಯರು ಬಂದು ನೋಡಿದರೆ ಮಗ ಎಡಗೈಯಲ್ಲಿ ಬಡಿಯುತ್ತಾ ಬಲಗೈಯಲ್ಲಿ ಬೂಸಾ ಸುರಿಯುತ್ತಿದ್ದ. ಬೂಸಾ ಕಣ್ಣ ಮುಂದೆ ಬಿದ್ದ ಮೇಲೆ ಬಡಿತದಿಂದ ಹಸುವಿಗೆ ಹೊಸದಾಗಿ ತಿಳಿಯುವುದು ಏನೂ ಇಲ್ಲ. ಮುಂದೇನು ಬರುತ್ತದೆ ಎಂದು ಒಂದು ಸಂಕೇತ ಆಗಲೇ ಸಾರಿಬಿಟ್ಟಿದ್ದರೆ ಅದರ ಜೊತೆ ಸೇರಿಸಿದ ಎರಡನೆಯದು ಕಲಿಕೆಗೆ ಬರುವುದಿಲ್ಲ. ಮನೋವಿಜ್ಞಾನಿ ಲಿಯೋನ್ ಕಾಮಿನ್ 1960ರ ದಶಕದ ಕೊನೆಯಲ್ಲಿ ಇಲಿಗಳಲ್ಲಿ ತೋರಿಸಿದ್ದೂ, 1972ರಲ್ಲಿ ರೆಸ್ಕೋರ್ಲಾ ಮತ್ತು ವ್ಯಾಗ್ನರ್ ಸೂತ್ರಕ್ಕೆ ಇಳಿಸಿದ್ದೂ ಇದನ್ನೇ. ನಿರೀಕ್ಷೆಗೂ ನಡೆದದ್ದಕ್ಕೂ ಅಂತರ ಇದ್ದಷ್ಟೂ ಕಲಿಕೆ. ಬಡಿತಕ್ಕೂ ಬೂಸಾಕ್ಕೂ ನಡುವೆ ಹತ್ತು ಸೆಕೆಂಡು ಬಿಟ್ಟ ಮೇಲೆ ಐದಾರು ದಿನದಲ್ಲಿ ಹಸು ಬಡಿತಕ್ಕೆ ಗೊಂತಿನ ಕಡೆ ತಲೆ ಎತ್ತತೊಡಗಿತು.

ಇನ್ನೊಂದು ಎಡವಟ್ಟು ಇದಕ್ಕೆ ತಿರುಗಿ. ಒಂದು ಬೆಳಿಗ್ಗೆ ಬಡಿದು, ಬೂಸಾ ಇಟ್ಟು, ಮಗ ಫೋನ್ ಬಂತೆಂದು ಹೊರಗೆ ಹೋದ. ಬಂದು ನೋಡಿದಾಗ ಹಿಂದಿನ ಎಡತೊಟ್ಟಿನ ಕೆಳಗೆ ಅಂಗೈಯಗಲ ಹಾಲು ನೆಲದ ಮೇಲೆ. ಮನೆಯವರಿಗೆ ಬೇಸರ, ವೈದ್ಯರಿಗೆ ಸಂತೋಷ: ಮುಟ್ಟದೆಯೇ ತೊರೆ ಬಿಟ್ಟಿದೆ, ಸಂಕೇತ ಕೂತಿದೆ. ಆದರೆ ಇದು ನಾಲ್ಕು ದಿನ ಹೀಗೇ ಆಗಿದ್ದರೆ ಅದೇ ಸಂಕೇತ ನಂದಲು ಶುರುವಾಗುತ್ತಿತ್ತು, ಇಳಿದ ತೊರೆಯೂ ನಿಮಿಷಗಳಲ್ಲಿ ವ್ಯರ್ಥ. ಬಡಿದ ಮೇಲೆ ಕೂರಲೇಬೇಕು, ಕೂರಲಾಗದಿದ್ದರೆ ಬಡಿಯಬಾರದು.

ಬರೀ ಸಲೈನ್ ಹಾಕಿದ ಮೂರು ಬೆಳಿಗ್ಗೆಗಳಲ್ಲಿ ಸರಾಸರಿ 4.6 ಲೀಟರ್ ಬಂತು. ಉಪ್ಪುನೀರಿಗೆ ತೊರೆ ಬಿಡಿಸುವ ಗುಣವಿಲ್ಲ. ಇಳಿಸಿದ್ದು ಬಡಿತ, ಬೂಸಾ, ಬೆಚ್ಚನೆ ಬಟ್ಟೆ, ಜೊತೆಗೆ ಆ ಹೊತ್ತಿಗೆ ಬೂಸಾದ ಸೂಚನೆಯಾಗಿಬಿಟ್ಟಿದ್ದ ಸೂಜಿಯೂ ಸ್ವಲ್ಪ. ಸೂಜಿ ತೆಗೆದ ಮೊದಲ ಬೆಳಿಗ್ಗೆ ಲೆಕ್ಕ 3.1ಕ್ಕೆ ಇಳಿಯಿತು, ಮಾರನೇ ದಿನ 2.4. ಸರಪಣಿಯಿಂದ ಒಂದು ಕೊಂಡಿ ಕಳಚಿದರೆ ಹೀಗಾಗುವುದು ನಿರೀಕ್ಷಿತವೇ. ಮನೆಯವರ ಧೈರ್ಯ ಕುಸಿಯುವುದೂ ಸರಿಯಾಗಿ ಇಲ್ಲೇ, ಅದಕ್ಕಾಗಿ ಈ ಎರಡು ದಿನದ ಬಗ್ಗೆ ಮೊದಲೇ ಹೇಳಿಡುವುದು ಒಳ್ಳೆಯದು. ನಾಲ್ಕನೇ ದಿನ 3.9, ವಾರದ ಕೊನೆಗೆ 5 ದಾಟಿತು. ಸಂಜೆಯ ಕರಾವು ಯಾವಾಗಲೂ ಹಿಂದೆ: ಕಬ್ಬಿನ ಟ್ರ್ಯಾಕ್ಟರ್, ಶಾಲೆಯಿಂದ ಬಂದ ಮಕ್ಕಳು, ಕರೆಂಟ್ ಹೋಗುವುದು.

ಮೊಪೆಡ್ಡಿನ ಭಯ

ಸೂಜಿಯವನು ಬರುವುದು ನಿಂತರೂ ಸದ್ದು ನಿಲ್ಲಲಿಲ್ಲ. ಆ ಬೀದಿಯಲ್ಲಿ ಅಂಥ ಮೊಪೆಡ್ ನಾಲ್ಕೈದು ಇವೆ, ಹಸು ಎಲ್ಲಕ್ಕೂ ಒಂದೇ ಸಮ ಬೆಚ್ಚುತ್ತಿತ್ತು. ಬುಲೆಟ್ಟಿಗೆ, ಆಟೋಗೆ ಕಿವಿ ಮಾತ್ರ ನಿಮಿರುತ್ತಿತ್ತು. ಒಂದು ಸದ್ದಿಗೆ ಕಲಿತ ಭಯ ಅದನ್ನು ಹೋಲುವ ಸದ್ದುಗಳಿಗೂ ಹರಡುತ್ತದೆ, ಹೋಲಿಕೆ ಕಡಿಮೆಯಾದಷ್ಟೂ ಭಯವೂ ಕಡಿಮೆ.

ಮನೆಯ ಯಜಮಾನರ ತಮ್ಮ ತನ್ನದೇ ಉಪಾಯ ಮಾಡಿದ: ಮೊಪೆಡ್ಡನ್ನು ಕೊಟ್ಟಿಗೆಯ ಪಕ್ಕ ನಿಲ್ಲಿಸಿ ಅರ್ಧ ಗಂಟೆ ಆನ್ ಮಾಡಿಟ್ಟ, ಅಭ್ಯಾಸ ಆಗಲಿ ಎಂದು. ಹಸು ಹಗ್ಗ ಕಿತ್ತುಕೊಂಡು ಭತ್ತದ ಗದ್ದೆಗೆ ಓಡಿತು. ಭಯ ಇಳಿಯುವ ಮೊದಲೇ ಪ್ರಾಣಿ ತಪ್ಪಿಸಿಕೊಂಡರೆ ಸದ್ದು ನಿರಪಾಯ ಎಂಬುದನ್ನು ಅದು ಕಲಿಯುವುದಿಲ್ಲ. ಓಡಿದ್ದಕ್ಕೇ ಉಳಿದೆ ಎಂಬುದನ್ನು ಕಲಿಯುತ್ತದೆ.

ಬದಲಿಗೆ ಹಿಡಿದ ದಾರಿ ಹಳೆಯದು. 1924ರಲ್ಲಿ ಮೇರಿ ಕವರ್ ಜೋನ್ಸ್ ಎಂಬ ಮನೋವಿಜ್ಞಾನಿ, ಮೊಲಕ್ಕೆ ಹೆದರುತ್ತಿದ್ದ ಪುಟ್ಟ ಹುಡುಗನೊಬ್ಬ ಇಷ್ಟದ ತಿಂಡಿ ತಿನ್ನುತ್ತಿರುವಾಗ ಮೊಲವನ್ನು ದೂರದಿಂದ ದಿನದಿನಕ್ಕೆ ಹತ್ತಿರ ತಂದು ಭಯ ಬಿಡಿಸಿದ್ದರು. ಇಲ್ಲಿ ಮೊಪೆಡ್ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಮಧ್ಯಾಹ್ನ, ಕರೆಯುವ ಹೊತ್ತಿನಿಂದ ದೂರದಲ್ಲಿ, ಹಿತ್ತಲ ಹುಣಸೆ ಮರದ ಕೆಳಗೆ ಶುರು ಮಾಡಿದರು. ಅತಿ ಸಣ್ಣ ಸದ್ದು ಐದು ಸೆಕೆಂಡು, ಕೂಡಲೇ ಬೆಲ್ಲದ ಪುಡಿ ಬೆರೆಸಿದ ಒಂದು ಹಿಡಿ ಬೂಸಾ. ಎರಡು ಮೂರು ನಿಮಿಷ ಬಿಡುವು. ಹೀಗೆ ಎಂಟು ಹತ್ತು ಸಲ. ಸದ್ದು ಏರಿಸಲು ಒಂದೇ ಗುರುತು: ಹಸು ಮೆಲುಕು ಬಿಡಬಾರದು. ಬಿಟ್ಟರೆ ಒಂದು ಮೆಟ್ಟಿಲು ಕೆಳಗೆ. ಬೆಲ್ಲದ ಬೂಸಾ ಸದ್ದಿಗಿಂತ ಮೊದಲು ಕಾಣಿಸಬಾರದು. ಕಂಡರೆ ಮತ್ತೆ ಹಳೆಯ ಕ್ರಮವೇ, ತಿನಿಸು ಬಂದರೆ ಭಯ ಬರುತ್ತದೆ ಎಂದಾಗುತ್ತದೆ. ಮರದಡಿಯಲ್ಲಿ ಸರಿಹೋದ ಮೇಲೆ ಕೊಟ್ಟಿಗೆಯ ಹೊರಗೆ, ಆಮೇಲೆ ಒಳಗೆ, ಆಮೇಲೆ ನಿಜವಾದ ಗಾಡಿ ಎಂಜಿನ್ ಆಫ್ ಮಾಡಿ, ಕೊನೆಗೆ ಓಡಿಸಿ. ಎರಡು ವಾರ ಹಿಡಿಯಿತು. ಒಂದೇ ಜಾಗದಲ್ಲಿ ಮಾಡಿದ್ದರೆ ಬೇಗ ಮುಗಿಯುತ್ತಿತ್ತು, ಆದರೆ ಆ ಜಾಗದಲ್ಲೇ ಉಳಿಯುತ್ತಿತ್ತು.

ಮರಳಿ ಬಂದದ್ದು

ನಂದಿದ್ದು ಅಳಿಸಿಹೋಗಿಲ್ಲ. ಇದನ್ನು ಪಾವ್ಲೋವ್ ಆಗಲೇ ಕಂಡಿದ್ದರು: ಊಟವಿಲ್ಲದೆ ಸಂಕೇತ ಕೊಟ್ಟು ಕೊಟ್ಟು ನಿಲ್ಲಿಸಿದ್ದ ಜೊಲ್ಲು, ನಡುವೆ ಬಿಡುವು ಕೊಟ್ಟರೆ ತಾನಾಗಿ ಸ್ವಲ್ಪ ಮರಳುತ್ತಿತ್ತು. ಹಳೆಯ ಕಲಿಕೆ ಒಳಗೇ ಇರುತ್ತದೆ, ಅದರ ಮೇಲೆ “ಈಗ, ಇಲ್ಲಿ, ಹಾಗಲ್ಲ” ಎಂಬ ಎರಡನೇ ಕಲಿಕೆ ಕೂರುತ್ತದೆ. ಎರಡನೆಯದು ಜಾಗಕ್ಕೂ ಹೊತ್ತಿಗೂ ಅಂಟಿಕೊಂಡಿರುತ್ತದೆ ಎನ್ನುವುದನ್ನು ಮನೋವಿಜ್ಞಾನಿ ಮಾರ್ಕ್ ಬೌಟನ್ 1970ರ ದಶಕದ ಕೊನೆಯಿಂದ ಪ್ರಯೋಗಗಳಲ್ಲಿ ತೋರಿಸುತ್ತಾ ಬಂದರು. ಈ ಕೊಟ್ಟಿಗೆಯಲ್ಲಿ ಅದು ಮೂರು ರೂಪದಲ್ಲಿ ಕಂಡಿತು.

ಅಭ್ಯಾಸ ಮುಗಿಸಿ ನಾಲ್ಕು ದಿನ ಯಾವ ಮೊಪೆಡ್ಡೂ ಆ ಹೊತ್ತಿಗೆ ಹಾದಿರಲಿಲ್ಲ. ಐದನೇ ಬೆಳಿಗ್ಗೆ ಒಂದು ಹಾಯಿತು, ಹಸು ಬೆಚ್ಚಿತು, ಅಂದು 3.8 ಲೀಟರ್. ಬೆಲ್ಲದ ಬೂಸಾದ ಎರಡು ಮಧ್ಯಾಹ್ನಗಳಲ್ಲಿ ಸರಿಹೋಯಿತು. ಆಮೇಲೆ ಮನೆಯಲ್ಲಿ ನಾಮಕರಣ. ಶಾಮಿಯಾನ ಹಾಕಲು ಹಸುವನ್ನು ಅಣ್ಣನ ಕೊಟ್ಟಿಗೆಗೆ ಕಟ್ಟಿದರು. ಸೌಟು, ಬಕೆಟ್ಟು, ಮಗ ಎಲ್ಲ ಅದೇ, ಜಾಗ ಮಾತ್ರ ಬೇರೆ. ಮೊದಲ ಹೊತ್ತು 1.6. ಹೊಸ ಜಾಗದಲ್ಲಿ ಹಸು ಆಕ್ಸಿಟೋಸಿನ್ನನ್ನೇ ಬಿಡದಿರುವುದು ಉಂಟು, ಇಲ್ಲಿ ಅದರ ಜೊತೆಗೆ ಹಳೆಯ ಭಯವೂ ತಲೆಯೆತ್ತಿತು. ಮೂರು ದಿನ ಅಲ್ಲೇ ಇದ್ದಿದ್ದರೆ ಏರುತ್ತಿತ್ತು. ಮನೆಯವರು ಎರಡನೇ ಹೊತ್ತಿಗೇ ವಾಪಸು ತಂದರು, ತಪ್ಪೇನಿಲ್ಲ.

ಮೂರನೆಯದು ಜೋರಿನದು. ಕಾಲುಬಾಯಿ ಜ್ವರದ ಲಸಿಕೆಯವರು ಬೆಳಿಗ್ಗೆ, ಅದೂ ಕರೆಯುವ ಮುಂಚೆ ಬಂದು, ಕೊಟ್ಟಿಗೆಯಲ್ಲೇ ಸೂಜಿ ಹಾಕಿ ಹೋದರು. ಲಸಿಕೆ ಬೇಕೇ ಬೇಕು, ಹಾಕಿದ ಜಾಗ ಮತ್ತು ಹೊತ್ತು ತಪ್ಪಾಯಿತು. ಮೊಪೆಡ್ಡಿಗೂ ಲಸಿಕೆಗೂ ಸಂಬಂಧವಿಲ್ಲ. ಆದರೂ ಮಾರನೇ ದಿನ ಮೊಪೆಡ್ ಸದ್ದಿಗೆ ಹಸು ಮತ್ತೆ ಸಗಣಿ ಹಾಕಿತು. ನೋವೊಂದು ಅದೇ ಜಾಗದಲ್ಲಿ ಮತ್ತೆ ಬಿದ್ದರೆ ಅದರ ಹಳೆಯ ಸಂಕೇತಗಳಿಗೆಲ್ಲ ಜೀವ ಬರುತ್ತದೆ. ಲಸಿಕೆಯ ಜ್ವರದಿಂದಲೂ ಎರಡು ದಿನ ಹಾಲು ಇಳಿಯಬಹುದು, ಅದನ್ನು ಇದರೊಡನೆ ಕಲಸಿಕೊಳ್ಳಬಾರದು: ಜ್ವರದ ಇಳಿತದಲ್ಲಿ ಕೆಚ್ಚಲು ಮೆತ್ತಗಿರುತ್ತದೆ, ತೊರೆ ಬಿಡದ ಇಳಿತದಲ್ಲಿ ಬಿಗಿದಿರುತ್ತದೆ. ಐದು ದಿನದಲ್ಲಿ ಬೆಳಿಗ್ಗೆ 5.7ಕ್ಕೆ ಬಂದು ನಿಂತಿತು.

ಸೂಜಿಯ ಕಾಲದ 6.5 ಮತ್ತೆ ಬರಲಿಲ್ಲ. ಈದು ಆರರಿಂದ ಎಂಟು ವಾರಕ್ಕೆ ಹಾಲಿನ ಏರು ಮುಗಿದು ಇಳಿಮುಖ ಶುರುವಾಗುವುದರಿಂದ ಬಂದರೂ ಎಷ್ಟು ಬರುತ್ತಿತ್ತು ಎಂದು ಹೇಳುವಂತಿಲ್ಲ. ಫ್ಯಾಟ್ ಮಾತ್ರ 3.6ರಿಂದ 4ರ ನಡುವೆ ನಿಂತಿದೆ, ಡೇರಿಯಲ್ಲಿ ಪ್ರಶ್ನೆ ಬರುವುದು ನಿಂತಿದೆ.

ಮುಂದಕ್ಕೆ ಗೊತ್ತುಮಾಡಿದ್ದು ಇಷ್ಟು. ಲಸಿಕೆ, ಕೃತಕ ಗರ್ಭಧಾರಣೆ, ಯಾವುದೇ ಸೂಜಿಯಿದ್ದರೂ ಮಧ್ಯಾಹ್ನ, ಕೊಟ್ಟಿಗೆಯಿಂದ ಹೊರಗೆ, ಬೆಲ್ಲದ ಬೂಸಾ ತಿನ್ನಿಸಿದ ಹುಣಸೆ ಮರದಡಿಯೂ ಅಲ್ಲ, ಬೀದಿ ಕೊನೆಯ ಕಟ್ಟುಗಂಬಕ್ಕೆ. ಸೌಟು ಬಡಿಯುವವರು ಕನಿಷ್ಠ ಇಬ್ಬರಿರಬೇಕು, ವಾರಕ್ಕೆ ಎರಡು ಹೊತ್ತು ಸೊಸೆ ಕರೆಯಬೇಕು. ಇಲ್ಲವಾದರೆ ಮಗ ಊರಿಗೆ ಹೋದ ದಿನ ಹಸು ಮತ್ತೆ ಕಳ್ಳ ಹಸು ಎನಿಸಿಕೊಳ್ಳುತ್ತದೆ. ಮುಂದಿನ ಸೂಲಿಗೆ ಕರುವನ್ನು ಮೊದಲ ದಿನದಿಂದಲೇ ಬೇರೆ ಕಟ್ಟಿ, ಹುಟ್ಟಿದ ಒಂದೆರಡು ಗಂಟೆಯೊಳಗೆ ಗಿಣ್ಣುಹಾಲನ್ನು ಬಾಟಲಿಯಲ್ಲಿ ಕುಡಿಸಿ, ಕರಾವನ್ನು ಮೊದಲ ಹೊತ್ತಿನಿಂದ ಸೌಟಿನ ಬಡಿತದ ಮೇಲೆಯೇ ನಿಲ್ಲಿಸುವುದು. ಕರುವನ್ನು ಅಗಲಿಸಲು ಅತ್ತೆ ಇನ್ನೂ ಒಪ್ಪಿಲ್ಲ. ಒಪ್ಪದಿದ್ದರೆ ಕರು ಊಡುವ ಮೊದಲು ಬಡಿಯುವುದು, ಆಮೇಲೆ ಕರು ಬಿಡುವುದು. ಹಾಗೆ ಮಾಡಿದರೆ ಸಂಕೇತ ಎರಡಾಗುತ್ತವೆ, ಒಂದು ಹೋದರೂ ಇನ್ನೊಂದು ಇರುತ್ತದೆ.